ತವರಿನಂಥ ತಂಡ

ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಚುನಾವಣೆಯ ಫಲಿತಾಂಶ ಬಂದ ಮರುದಿನ ಗೆದ್ದವರ ಮನೆಯ ಜಗುಲಿಯ ಕೆಳಗೆ ಎಷ್ಟು ಜೊತೆ ಚಪ್ಪಲಿ ಬಿದ್ದಿವೆ, ಸೋತವರ ಮನೆಯ ಮುಂದೆ ಎಷ್ಟು ಎಂದು ಎಣಿಸಿದರೆ ಈ ಮಾತು ತಿಳಿಯುತ್ತದೆ. ಆಟದಲ್ಲಂತೂ ಇದು ಇನ್ನೂ ಹೆಚ್ಚು. 2022ರ ಡಿಸೆಂಬರಿನಲ್ಲಿ ಕತಾರಿನಲ್ಲಿ ಅರ್ಜೆಂಟೀನಾ ವಿಶ್ವಕಪ್ ಗೆದ್ದ ಮೇಲೆ ನಮ್ಮ ಶಾಲೆಯ ಹುಡುಗರಲ್ಲಿ ಅರ್ಧದಷ್ಟು ಮಂದಿ ಹುಟ್ಟಿದಾರಭ್ಯ ಅರ್ಜೆಂಟೀನಾದವರೇ ಆಗಿಬಿಟ್ಟರು. ಅವರ ಅಣ್ಣಂದಿರು 2018ರಲ್ಲಿ ಫ್ರಾನ್ಸಿನವರಾಗಿದ್ದರು. ಮಕ್ಕಳ ಮಾತು, ಅದರಲ್ಲಿ ತಪ್ಪೇನೂ ಇಲ್ಲ. ಗೆಲುವಿನ ಸಂತೋಷದಲ್ಲಿ ಪಾಲು ಕೇಳುವುದು ಮನುಷ್ಯಸಹಜ. ಆದರೆ ಒಂದು ಫುಟ್‌ಬಾಲ್ ತಂಡದ ನಿಜವಾದ ಅಭಿಮಾನಿ ಯಾರು, ಅವರನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಅಣಶಿಯಂಥ ಊರಿನಲ್ಲಿ ಕೂತು ಫುಟ್‌ಬಾಲಿನ ಮಾತಾಡುವುದು ಕೆಲವರಿಗೆ ನಗು ತರಿಸಬಹುದು. ಜೋಯಿಡಾ ತಾಲ್ಲೂಕಿನ ಕಾಡಿನೊಳಗಿನ ಊರು ನಮ್ಮದು. ಸುತ್ತ ಹುಲಿ ಸಂರಕ್ಷಿತ ಪ್ರದೇಶ. ಘಟ್ಟ ಇಳಿದರೆ ಕದ್ರಾ, ಅದರಾಚೆ ಕಾರವಾರ. ಪಶ್ಚಿಮಕ್ಕೆ ಗೋವಾದ ಗಡಿ. ಮಳೆಗಾಲ ಹಿಡಿದರೆ ಶಾಲೆಯ ಅಂಗಳ ಕೆಸರುಗದ್ದೆ. ಚೆಂಡು ಬೇಲಿ ದಾಟಿ ಕಾಡಿಗೆ ಉರುಳಿದರೆ ಆ ದಿನದ ಆಟ ಮುಗಿದಂತೆ. ದೊಡ್ಡ ಮೈದಾನ, ಸಾವಿರಾರು ಜನ, ಬಣ್ಣ ಬಳಿದುಕೊಂಡ ಮುಖಗಳು ನಮಗೆ ಟೀವಿಯಲ್ಲಿ ಕಂಡವೇ ಹೊರತು ಕಣ್ಣೆದುರು ಕಂಡವಲ್ಲ. ಆದರೂ ನಿಷ್ಠೆ ಎಂಬ ಮಾತು ನಮಗೆ ಹೊಸದಲ್ಲ. ಅದರಲ್ಲೂ ಹೆಂಗಸರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮಗೆಲ್ಲ ಒಂದು ತವರು ಎಂಬುದಿದೆಯಲ್ಲ!

ನನ್ನ ಆಯಿಯ ತವರು ಸೂಪಾ. ಈಗಿನ ಮಕ್ಕಳಿಗೆ ಸೂಪಾ ಎಂದರೆ ಅಣೆಕಟ್ಟು ಮಾತ್ರ. ಹಿಂದೆ ಅದೊಂದು ಪೇಟೆ, ತಾಲ್ಲೂಕಿನ ಕೇಂದ್ರ. ತಾಲ್ಲೂಕಿಗೂ ಅದೇ ಹೆಸರು. ಗಣೇಶಗುಡಿಯ ಬಳಿ ಕಾಳಿ ನದಿಗೆ 101 ಮೀಟರ್ ಎತ್ತರದ ಕಟ್ಟೆ ಕಟ್ಟಿದ ಮೇಲೆ, 1980ರ ದಶಕದಲ್ಲಿ ಆ ಪೇಟೆ ನೀರಿನಡಿ ಹೋಯಿತು. ಕಚೇರಿಗಳು ಜೋಯಿಡಾಕ್ಕೆ ಬಂದವು. ಎದ್ದು ಬಂದ ಕುಟುಂಬಗಳಲ್ಲಿ ಬಹಳಷ್ಟು ರಾಮನಗರ ಸೇರಿದವು. ಆಯಿಯ ಅಣ್ಣತಮ್ಮಂದಿರೂ ಅಲ್ಲಿ ಹೊಸ ಮನೆ ಕಟ್ಟಿಕೊಂಡರು. ಆದರೆ ಯಾರಾದರೂ "ಬಾಯಿ, ನಿಮ್ಮದು ಯಾವ ಊರು?" ಎಂದು ಕೇಳಿದರೆ ಆಯಿ ಕೊನೆಯವರೆಗೂ "ಸೂಪಾ" ಎಂದೇ ಹೇಳುತ್ತಿದ್ದಳು. ಅಣ್ಣತಮ್ಮಂದಿರ ಸೋಮಾರಿತನವನ್ನು ನಮ್ಮೆದುರು ಅವಳು ಬೈದಷ್ಟು ಯಾರೂ ಬೈದಿಲ್ಲ. ಅದೇ ಮಾತನ್ನು ಅಪ್ಪ ಆಡಿದರೆ ಮಾತ್ರ ಎರಡು ದಿನ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗುತ್ತಿತ್ತು. ತವರಿನಿಂದ ಅವಳಿಗೆ ಬಂದ ಸೀರೆ, ಬಂಗಾರ ಹೇಳಿಕೊಳ್ಳುವಷ್ಟೇನೂ ಇರಲಿಲ್ಲ. ಆ ಊರೂ ಇರಲಿಲ್ಲ. ಆದರೂ ಸಂಬಂಧ ಕಡಿಯಲಿಲ್ಲ.

ಆಯಿಯ ಈ ರೀತಿಯನ್ನು ಪಕ್ಕಕ್ಕಿಟ್ಟುಕೊಂಡು ನೋಡಿದರೆ ಫುಟ್‌ಬಾಲ್ ಅಭಿಮಾನಿಗಳ ಚರಿತ್ರೆ ನನಗೆ ಸುಲಭವಾಗಿ ಅರ್ಥವಾಗುತ್ತದೆ. ಮೂರು ಮಾತು. ಒಂದು, ತವರನ್ನು ಅದರ ಸಿರಿ ನೋಡಿ ಆರಿಸಿಕೊಳ್ಳುವುದಿಲ್ಲ. ಎರಡು, ಒಳಗಿನವರಾಗಿ ಬೈಯುವ ಹಕ್ಕು ಇರುತ್ತದೆ, ಹೊರಗಿನವರಾಗಿ ಬಿಟ್ಟುಹೋಗುವ ಮನಸ್ಸು ಬರುವುದಿಲ್ಲ. ಮೂರು, ಮನೆ ಬಿದ್ದರೂ ಅದರ ನೆನಪನ್ನು ಹೊತ್ತು ನಡೆಸುವವರು ಬೇಕು. ಈ ಮೂರನ್ನೂ ನಮ್ಮ ನಾಡಿನ ಫುಟ್‌ಬಾಲಿನಲ್ಲೇ ಕಾಣಬಹುದು, ದೂರದ ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ.

ಬೆಂಗಳೂರಿನ ಫುಟ್‌ಬಾಲ್ ಹುಟ್ಟಿದ್ದು ದಂಡಿನ ಪ್ರದೇಶದಲ್ಲಿ. ಬ್ರಿಟಿಷ್ ಸಿಪಾಯಿಗಳು ಆಡುವುದನ್ನು ಬೇಲಿಯಾಚೆ ನಿಂತು ನೋಡಿದ ಬಡವರ ಮಕ್ಕಳು ಹಲಸೂರು, ಆಸ್ಟಿನ್ ಟೌನ್, ಗೌತಮಪುರದ ಓಣಿಗಳಲ್ಲಿ ಬರಿಗಾಲಲ್ಲಿ ಆಡತೊಡಗಿದರು. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾದ ಪಂದ್ಯಾವಳಿ. ವರ್ಷವರ್ಷವೂ ಅದನ್ನು ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಅದನ್ನು ಗೆದ್ದಿತು. ಆ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಅದು. ಮರುವರ್ಷ 1938ರಲ್ಲೂ ಗೆದ್ದಿತು, 1948ರಲ್ಲಿ ಇನ್ನೊಮ್ಮೆ.

ಅದೇ 1948ರ ಜುಲೈ 31ರಂದು ಲಂಡನ್ ಹತ್ತಿರದ ಇಲ್ಫರ್ಡ್‌ನಲ್ಲಿ ಒಲಿಂಪಿಕ್ ಪಂದ್ಯ. ಎದುರಾಳಿ ಫ್ರಾನ್ಸ್. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ಅದು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಭಾರತದ ಒಂದೇ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಸಿಕ್ಕಿದ ಎರಡು ಪೆನಾಲ್ಟಿಗಳು ವ್ಯರ್ಥವಾಗಿ 1-2ರಲ್ಲಿ ಸೋತೆವು. ಆ ತಂಡದಲ್ಲಿದ್ದ ಅಹ್ಮದ್ ಖಾನ್, ಕೆ.ಪಿ. ಧನರಾಜ್ ಕೂಡ ಬೆಂಗಳೂರಿನವರು. ಇಬ್ಬರೂ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ಮುಂದಿನ ಸಾಲಿನಲ್ಲಿ ಆಡುತ್ತಿದ್ದ ಐವರನ್ನು ಜನ ಪಂಚ ಪಾಂಡವರು ಎಂದು ಕರೆಯುತ್ತಿದ್ದರು. ಐವರಲ್ಲಿ ಈ ಇಬ್ಬರೂ ಇದ್ದರು. ಅಹ್ಮದ್ ಖಾನ್ 2017ರಲ್ಲಿ ತೀರಿಕೊಂಡಾಗ ಅವರ ಆಟವನ್ನು ಕಣ್ಣಾರೆ ಕಂಡವರು ಎರಡೂ ಊರುಗಳಲ್ಲಿ ಬೆರಳೆಣಿಕೆಯಷ್ಟಿದ್ದಿರಬೇಕು. ಆದರೆ ಅವರ ಹೆಸರು ಮೊಮ್ಮಕ್ಕಳ ಬಾಯಲ್ಲೂ ಇತ್ತು. ಅಪ್ಪ ಮಗನಿಗೆ ಹೇಳಿ, ಮಗ ತನ್ನ ಮಗಳಿಗೆ ಹೇಳಿ ಉಳಿಸಿದ ಹೆಸರದು.

ಈಗ ಸಂತೋಷ್ ಟ್ರೋಫಿಯ ಕಥೆಗೆ ಬರೋಣ. ರಾಜ್ಯ ರಾಜ್ಯಗಳ ನಡುವೆ 1941ರಲ್ಲಿ ಆರಂಭವಾದ ಪಂದ್ಯಾವಳಿ ಇದು. ನಮ್ಮ ರಾಜ್ಯ ಇದನ್ನು 1946-47, 1952-53, 1967-68, 1968-69ರಲ್ಲಿ, ಹೀಗೆ ನಾಲ್ಕು ಬಾರಿ ಗೆದ್ದಿತು. ಆಗ ತಂಡದ ಹೆಸರು ಮೈಸೂರು. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು, ತಂಡವೂ ಕರ್ನಾಟಕವಾಯಿತು. 1975-76ರಲ್ಲಿ ಫೈನಲ್ ತಲುಪಿ ಬಂಗಾಳಕ್ಕೆ ಸೋತಿತು. ಆಮೇಲೆ ವರ್ಷದ ಮೇಲೆ ವರ್ಷ ಕಳೆದರೂ ಕಪ್ ಬರಲಿಲ್ಲ. ಕ್ರಿಕೆಟ್ ಬಂತು, ಟೀವಿ ಬಂತು, 1983ರ ವಿಶ್ವಕಪ್ ಬಂತು. ಐಟಿಐ, ಎಚ್‌ಎಎಲ್ ಮುಂತಾದ ಸರ್ಕಾರಿ ಕಾರ್ಖಾನೆಗಳ ತಂಡಗಳು ಎಷ್ಟೋ ಹುಡುಗರಿಗೆ ನೌಕರಿ ಕೊಟ್ಟು ಆಟವನ್ನು ಬದುಕಿಸಿದ್ದವು. ಆ ತಂಡಗಳೂ ಒಂದೊಂದಾಗಿ ಬಡವಾದವು. ದೇಶದ ಮೇಲ್ದರ್ಜೆಯ ಐ-ಲೀಗಿನಲ್ಲಿ ಆಡುತ್ತಿದ್ದ ಎಚ್‌ಎಎಲ್ 2011-12ರ ಕೊನೆಗೆ ಕೆಳದರ್ಜೆಗೆ ಇಳಿಯಿತು.

ಆದರೂ ಸಂಜೆಯ ಹೊತ್ತು ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಬಂದು ಮೆಟ್ಟಿಲ ಮೇಲೆ ಕೂತು ಜಿಲ್ಲಾ ಲೀಗಿನ ಪಂದ್ಯ ನೋಡುವ ಹಿರಿಯರ ಸಾಲು ಮಾತ್ರ ತಪ್ಪಲಿಲ್ಲ. ಗೌತಮಪುರದವರು ತಮ್ಮ ಓಣಿಯಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡರು. ಬ್ರೆಜಿಲಿನ ಆಟಗಾರನಿಗೆ ಹಲಸೂರಿನ ಪಕ್ಕ ಪ್ರತಿಮೆ ಏಕೆ ಎಂದು ಅವರನ್ನು ಕೇಳಿದರೆ ಕೇಳಿದವರೇ ಪೆಚ್ಚಾಗಬೇಕು. ಬರಿಗಾಲಿನ ಬಡ ಹುಡುಗನೊಬ್ಬ ಜಗತ್ತನ್ನು ಗೆದ್ದ ಕಥೆ ಅವರ ಓಣಿಯ ಕಥೆಯೂ ಹೌದು.

ಸಂತೋಷ್ ಟ್ರೋಫಿ ಮತ್ತೆ ಬಂದದ್ದು 2023ರ ಮಾರ್ಚ್ 4ರಂದು. ಆ ಸಲದ ಕೊನೆಯ ಪಂದ್ಯಗಳು ಸೌದಿ ಅರೇಬಿಯಾದ ರಿಯಾದಿನಲ್ಲಿ ನಡೆದವು. ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಸುನಿಲ್ ಕುಮಾರ್, ಬೆಕೆ ಓರಾಂ, ರಾಬಿನ್ ಯಾದವ್ ಒಂದೊಂದು ಗೋಲು ಹೊಡೆದರು. 54 ವರ್ಷಗಳ ನಂತರದ ಗೆಲುವು! ಲೆಕ್ಕ ಹಾಕಿ ನೋಡಿ. 1969ರಲ್ಲಿ ಹದಿನೈದರ ಹುಡುಗಿಯಾಗಿದ್ದವಳಿಗೆ 2023ರಲ್ಲಿ ಅರವತ್ತೊಂಬತ್ತು. ಅಷ್ಟರಲ್ಲಿ ಮದುವೆ, ಬಾಣಂತನ, ಮಕ್ಕಳ ಓದು, ಸೊಸೆ, ಮೊಮ್ಮಕ್ಕಳು ಎಲ್ಲವೂ ಆಗಿಹೋಗಿರುತ್ತದೆ. ಅಷ್ಟು ವರ್ಷ ಒಂದು ತಂಡದ ಫಲಿತಾಂಶವನ್ನು ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ಹುಡುಕಿಕೊಂಡು ಓದಿದವರಿದ್ದರಲ್ಲ, ಅವರಿಗೆ ನಾನು ಕೈಮುಗಿಯುತ್ತೇನೆ.

ಇನ್ನೊಂದು ವಿಚಿತ್ರ ನೋಡಿ. ಅದರ ಹಿಂದಿನ ದಿನವೇ, ಮಾರ್ಚ್ 3ರಂದು, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಪಂದ್ಯವಿತ್ತು. ಹೆಚ್ಚುವರಿ ಸಮಯದಲ್ಲಿ ಸುನಿಲ್ ಛೆಟ್ರಿ ಫ್ರೀ ಕಿಕ್ ಅನ್ನು ಥಟ್ಟನೆ ಹೊಡೆದು ಗೋಲು ಮಾಡಿದರು. ತಾವು ಸಿದ್ಧರಾಗುವ ಮೊದಲೇ ಹೊಡೆದರು ಎಂದು ಕೇರಳದವರು ಮೈದಾನವನ್ನೇ ಬಿಟ್ಟು ಹೋದರು. ದಿನಗಟ್ಟಲೆ ಅದರದ್ದೇ ಮಾತು. ಆ ಗದ್ದಲದ ನಡುವೆ 54 ವರ್ಷಗಳ ಗೆಲುವು ಮೆಲ್ಲಗೆ ಬಂದು ಬಾಗಿಲ ಬಳಿ ನಿಂತ ನೆಂಟನ ಹಾಗೆ ನಿಂತಿತು. ಕಾದಿದ್ದವರು ಮಾತ್ರ ಅದನ್ನು ಗುರುತಿಸಿ ಒಳಕ್ಕೆ ಕರೆದರು.

ಹಾಗೆಂದು ಹೊಸ ತಂಡಕ್ಕೆ ನಿಷ್ಠೆ ಹುಟ್ಟುವುದೇ ಇಲ್ಲ ಎನ್ನಲಾಗದು. ಬೆಂಗಳೂರು ಎಫ್‌ಸಿ ಸ್ಥಾಪನೆಯಾದದ್ದು 2013ರಲ್ಲಿ. ಮೊದಲ ಋತುವಿನಲ್ಲೇ, 2014ರ ಏಪ್ರಿಲ್ 21ರಂದು, ನಮ್ಮ ಪಕ್ಕದ ಗೋವಾದ ಫಾತೋರ್ಡಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾದ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ತಂಡವಾಯಿತು. ಕಂಠೀರವದ ಪಶ್ಚಿಮದ ಸಾಲುಗಳಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡುವ ನೀಲಿ ಅಂಗಿಯವರಿಗೆ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಹೆಸರಾಯಿತು. ಸಾಲುಸಾಲಾಗಿ ಗೆಲ್ಲುವ ತಂಡಕ್ಕೆ ಜೈ ಎನ್ನುವುದು ಏನು ಮಹಾ ಎಂದು ಕೇಳಿದವರೂ ಇದ್ದರು. ಉತ್ತರ ಬರಲು ಸ್ವಲ್ಪ ಕಾಲ ಬೇಕಾಯಿತು. 2018ರ ಮಾರ್ಚ್ 17ರಂದು ತಮ್ಮದೇ ಮೈದಾನದಲ್ಲಿ ನಡೆದ ಐಎಸ್‌ಎಲ್ ಫೈನಲಿನಲ್ಲಿ ಬೆಂಗಳೂರು 2-3ರಿಂದ ಚೆನ್ನೈಯಿನ್‌ಗೆ ಸೋತಿತು. ಮರುವರ್ಷ ಅದೇ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾವನ್ನು 1-0ಯಿಂದ ಮಣಿಸಿ ಕಪ್ ತಂದಿತು. 2023-24ರಲ್ಲಿ ಹನ್ನೆರಡು ತಂಡಗಳಲ್ಲಿ ಹತ್ತನೆಯದಾಗಿ ಮುಗಿಸಿತು. ಹತ್ತನೆಯ ಸ್ಥಾನದ ಆ ಚಳಿಗಾಲದಲ್ಲೂ ಯಾರು ಮೆಟ್ರೊ ಹಿಡಿದು ಕಂಠೀರವಕ್ಕೆ ಹೋದರೋ ಅವರನ್ನು ನಾನು ಅಭಿಮಾನಿಗಳ ಪಟ್ಟಿಗೆ ಸೇರಿಸುತ್ತೇನೆ.

ಆ ತಂಡದಲ್ಲಿ ನಮ್ಮವರೆಷ್ಟು, ಹೊರಗಿನವರೆಷ್ಟು ಎಂದು ಲೆಕ್ಕ ಕೇಳುವವರಿದ್ದಾರೆ. ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ನೇಪಾಳಿ ಮೂಲದ ಕುಟುಂಬದಲ್ಲಿ. ಆದರೆ ತವರಿನಲ್ಲಿ ಹುಟ್ಟಿದವರು ಮಾತ್ರ ಮನೆಯವರಾಗುವುದಾದರೆ ನಾವು ಸೊಸೆಯಂದಿರೆಲ್ಲ ಎಲ್ಲಿಗೆ ಹೋಗಬೇಕು? ಬೆಂಗಳೂರಿನ ಅಹ್ಮದ್ ಖಾನರನ್ನು ಕೋಲ್ಕತ್ತದವರು ತಮ್ಮವರೆಂದು ತಲೆಯ ಮೇಲೆ ಹೊತ್ತರು. ಈಗ ಸರದಿ ನಮ್ಮದು.

ಛೆಟ್ರಿಯ ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. 2018ರ ಜೂನ್ 1ರಂದು ಮುಂಬಯಿಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿತು. ನೋಡಲು ಬಂದವರು 2,569 ಜನ. ಮರುದಿನ ಛೆಟ್ರಿ ಒಂದು ಚಿಕ್ಕ ವಿಡಿಯೊದಲ್ಲಿ ಕೈಜೋಡಿಸಿ ಕೇಳಿಕೊಂಡರು. ನಮ್ಮ ಆಟ ಯೂರೋಪಿನವರ ಮಟ್ಟದಲ್ಲಿಲ್ಲ, ಒಪ್ಪಿದೆ, ಆದರೂ ಬನ್ನಿ, ಬೈಯುವುದಿದ್ದರೆ ಮೈದಾನಕ್ಕೆ ಬಂದು ಮುಖದ ಮೇಲೆ ಬೈಯಿರಿ ಎಂಬುದು ಅದರ ಸಾರ. ಜೂನ್ 4ರಂದು ಕೀನ್ಯಾ ವಿರುದ್ಧದ ಪಂದ್ಯಕ್ಕೆ ಟಿಕೆಟ್ಟೇ ಉಳಿಯಲಿಲ್ಲ. ನನಗೆ ಹಿಡಿಸಿದ್ದು ಬೈಯಲು ಕರೆದ ರೀತಿ. ಕುರುಡಾಗಿ ಹೊಗಳುವವರನ್ನು ಅವರು ಕರೆಯಲಿಲ್ಲ. ಆಯಿ ತನ್ನ ತಮ್ಮಂದಿರನ್ನು ಬೈಯುತ್ತಿದ್ದದ್ದೂ ಇದೇ ಅಧಿಕಾರದಿಂದ.

ತಂಡವೇ ಇಲ್ಲವಾದರೆ? ಇದಕ್ಕೆ ಉತ್ತರ ನಮ್ಮ ಗಡಿಯಾಚೆಯ ಗೋವಾದಲ್ಲಿದೆ. ಅಲ್ಲಿ ಫುಟ್‌ಬಾಲ್ ಎಂದರೆ ಊರ ಚರ್ಚಿನ ಹಬ್ಬದಷ್ಟೇ ಸ್ವಂತದ್ದು. ಡೆಂಪೊ ತಂಡ ಐದು ಬಾರಿ ರಾಷ್ಟ್ರೀಯ ಲೀಗ್ ಗೆದ್ದಿತ್ತು. 2016ರಲ್ಲಿ, ದೇಶದ ಲೀಗುಗಳ ಹೊಸ ವ್ಯವಸ್ಥೆಯನ್ನು ಒಪ್ಪದೆ ಡೆಂಪೊ, ಸಾಲ್ಗಾಂವ್‌ಕರ್, ಸ್ಪೋರ್ಟಿಂಗ್ ಕ್ಲೂಬ್ ದ ಗೋವಾ ಮೂರೂ ಐ-ಲೀಗಿನಿಂದ ಹೊರಬಂದವು. ಒಂದೇ ವರ್ಷದಲ್ಲಿ ಮೂರು ಮನೆಗಳ ದೀಪ ಆರಿದಂತಾಯಿತು. ಆದರೂ ಗೋವಾದ ಸ್ಥಳೀಯ ಲೀಗಿನಲ್ಲಿ ಡೆಂಪೊ ಆಡುತ್ತಲೇ ಇತ್ತು, ನೋಡುವವರು ನೋಡುತ್ತಲೇ ಇದ್ದರು. ಎಂಟು ವರ್ಷಗಳ ನಂತರ, 2024-25ರಲ್ಲಿ, ಡೆಂಪೊ ಮತ್ತೆ ಐ-ಲೀಗಿಗೆ ಬಂತು. ನಡುವಿನ ಎಂಟು ವರ್ಷ ಯಾರೂ ನೆನಪಿಟ್ಟುಕೊಳ್ಳದಿದ್ದರೆ ಮರಳಿ ಬಂದವರನ್ನು ಹೆಸರು ಹಿಡಿದು ಕರೆಯಲು ಯಾರಿರುತ್ತಿದ್ದರು?

ಇನ್ನು ನಮ್ಮ ಜಿಲ್ಲೆಯ ಪೂರ್ವದ ಅಂಚಿಗೆ, ಮುಂಡಗೋಡಿಗೆ ಬನ್ನಿ. ತಾಯ್ನಾಡು ಬಿಟ್ಟು ಬಂದ ಟಿಬೆಟ್ಟಿನವರಿಗೆ 1966ರಲ್ಲಿ ಅಲ್ಲಿ ವಸತಿ ಕೊಡಲಾಯಿತು. ಡೋಗುಲಿಂಗ್ ಎಂದು ಅದರ ಹೆಸರು. ಜೋಳದ ಹೊಲ, ನಂಬರು ಹೊತ್ತ ಕ್ಯಾಂಪುಗಳು, ಡ್ರೆಪುಂಗ್, ಗಾಂದೆನ್‌ನಂಥ ದೊಡ್ಡ ಮಠಗಳು. ಅಲ್ಲಿಯ ಹುಡುಗರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಭಾರತದ ಬೇರೆಬೇರೆ ಟಿಬೆಟ್ ವಸತಿಗಳ ನಡುವೆ 1980ರ ದಶಕದ ಆರಂಭದಿಂದ ಒಂದು ಪಂದ್ಯಾವಳಿ ನಡೆಯುತ್ತ ಬಂದಿದೆ. ಗ್ಯಾಲ್ಯುಮ್ ಚೆನ್ಮೊ ಸ್ಮಾರಕ ಗೋಲ್ಡ್ ಕಪ್ ಎಂಬ ಹೆಸರು ಅದಕ್ಕೆ. ಗ್ಯಾಲ್ಯುಮ್ ಚೆನ್ಮೊ ಎಂದರೆ ದಲಾಯಿ ಲಾಮಾ ಅವರ ತಾಯಿ. ಒಬ್ಬ ತಾಯಿಯ ಹೆಸರಿನ ಕಪ್ಪಿಗಾಗಿ ಗಂಡುಮಕ್ಕಳು ವರ್ಷವಿಡೀ ಕಾಯುವುದು ನನಗೆ ಬಹಳ ಇಷ್ಟವಾದ ಸಂಗತಿ. ಮುಂಡಗೋಡಿನ ತಂಡವೂ ಅದರಲ್ಲಿ ಆಡುತ್ತದೆ.

ಈ ವಸತಿಗಳ ಹುಡುಗರಿಂದಲೇ ಆರಿಸಿದ ಟಿಬೆಟ್ ತಂಡವೊಂದು 2001ರ ಜೂನ್ 30ರಂದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ಆಡಿತು. ಪಂದ್ಯ ನಡೆಯಬಾರದೆಂದು ಚೀನಾ ಒತ್ತಡ ಹಾಕಿತ್ತು. ಆದರೂ ನಡೆಯಿತು. ಟಿಬೆಟ್ 1-4ರಲ್ಲಿ ಸೋತಿತು. ಆ ತಂಡಕ್ಕೆ ಫಿಫಾದ ಸದಸ್ಯತ್ವವಿಲ್ಲ. ವಿಶ್ವಕಪ್ಪಿನ ಬಾಗಿಲು ಅದಕ್ಕೆ ತೆರೆದಿಲ್ಲ, ತವರು ಮೈದಾನ ಎಂದು ಹೇಳಿಕೊಳ್ಳಲು ಸ್ವಂತ ನೆಲವೂ ಇಲ್ಲ. 2018ರಲ್ಲಿ ಲಂಡನ್ನಿನಲ್ಲಿ ಫಿಫಾದ ಹೊರಗಿನ ತಂಡಗಳ ಪಂದ್ಯಾವಳಿ ನಡೆದಾಗ ಅದು ಮತ್ತೆ ಹೋಗಿ ಆಡಿತು. ಇಂಥ ತಂಡಕ್ಕೆ ಜೈ ಎನ್ನುವವರು ಯಾವ ಗೆಲುವಿನ ಲೆಕ್ಕ ಹಾಕಿಕೊಂಡಿರುತ್ತಾರೆ ಹೇಳಿ! ಅಂಗಿಯ ಮೇಲೆ ನಾಡಿನ ಹೆಸರಿದ್ದರೆ ಅವರಿಗೆ ಸಾಕು. ಸೂಪಾದ ಹೆಸರು ಹೇಳುವಾಗ ಆಯಿಯ ಮುಖದಲ್ಲಿ ಕಾಣುತ್ತಿದ್ದದ್ದು ನನಗೆ ಮುಂಡಗೋಡಿನ ಮುಖಗಳಲ್ಲೂ ಕಾಣುತ್ತದೆ.

ನಿಷ್ಠೆಯ ಗುಣಗಾನ ಮಾಡುವಾಗ ಅದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. 1911ರಲ್ಲಿ ಮೋಹನ್ ಬಗಾನ್ ಬ್ರಿಟಿಷ್ ಸೈನ್ಯದ ತಂಡವನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ ಕೋಲ್ಕತ್ತಕ್ಕೆ ಕೋಲ್ಕತ್ತವೇ ಕುಣಿದಿತ್ತು. ಅದೇ ಊರಿನಲ್ಲಿ 1975ರ ಸೆಪ್ಟೆಂಬರ್ 30ರಂದು ಮೋಹನ್ ಬಗಾನ್ ಈಸ್ಟ್ ಬೆಂಗಾಲಿಗೆ 0-5ರಿಂದ ಸೋತ ಮೇಲೆ ಒಬ್ಬ ಯುವಕ ಪ್ರಾಣ ಕಳೆದುಕೊಂಡ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಇದೇ ಎರಡು ತಂಡಗಳ ಪಂದ್ಯದಲ್ಲಿ ಜಗಳ ಎದ್ದು, ನೂಕುನುಗ್ಗಲಿನಲ್ಲಿ 16 ಜನ ಸತ್ತರು. ಬೆಳಗ್ಗೆ ತಿಂಡಿ ತಿಂದು ಆಟ ನೋಡಲು ಹೋದ ಮಕ್ಕಳು ಮನೆಗೆ ಮರಳಲಿಲ್ಲ.

ಇಂಥದ್ದನ್ನು ತ್ಯಾಗ ಎಂದು ಹೊಗಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮೂವತ್ತು ವರ್ಷ ಮಕ್ಕಳನ್ನು ಕಂಡವಳು ನಾನು. ಪರೀಕ್ಷೆಯಲ್ಲಿ ಫೇಲಾದ ಮಗು ಮರುದಿನ ಶಾಲೆಗೆ ಬಂದರೆ ನನಗೆ ಅರ್ಧ ಗೆದ್ದಷ್ಟು ಸಮಾಧಾನ. ತಂಡಕ್ಕೂ ನಾಳೆ ಬರುವ ಅಭಿಮಾನಿ ಬೇಕು. ಎದುರು ತಂಡದವನನ್ನು ಹೊಡೆಯುವವನಿಂದಲೂ, ತನ್ನನ್ನೇ ಕೊಂದುಕೊಳ್ಳುವವನಿಂದಲೂ ತಂಡಕ್ಕೆ ಆಗುವ ಉಪಕಾರ ಏನೂ ಇಲ್ಲ. ಕೋಲ್ಕತ್ತದವರು ಈ ಪಾಠ ಕಲಿತರು ಎನ್ನಬೇಕು. ಆಗಸ್ಟ್ 16ನ್ನು ಅವರು ಫುಟ್‌ಬಾಲ್ ಪ್ರೇಮಿಗಳ ದಿನವೆಂದು ಕರೆದು ಸತ್ತವರ ನೆನಪಿನಲ್ಲಿ ರಕ್ತದಾನ ಮಾಡುತ್ತಾರೆ. ಎರಡೂ ತಂಡದವರ ರಕ್ತ ಒಂದೇ ಬಾಟಲಿಯ ಅಳತೆಯಲ್ಲಿ ಹೋಗುತ್ತದೆ.

ಇಷ್ಟು ಹೊತ್ತು ಹೇಳಿದ್ದರಲ್ಲಿ ಹೆಂಗಸರೆಲ್ಲಿ ಎಂದು ನೀವು ಕೇಳಬಹುದು. ಅವರಿದ್ದಾರೆ, ಲೆಕ್ಕಕ್ಕೆ ಸಿಕ್ಕಿಲ್ಲ ಅಷ್ಟೆ. ಕೋಲ್ಕತ್ತದ ಮೈದಾನಗಳಲ್ಲಿ ಲಾಜೆಂಜ್ ಮಾಶಿ, ಅಂದರೆ ಪೆಪ್ಪರಮಿಂಟಿನ ಚಿಕ್ಕಮ್ಮ, ಎಂದು ಎಲ್ಲರೂ ಕರೆಯುವ ಒಬ್ಬ ಮಹಿಳೆ ಪ್ರಸಿದ್ಧರು. ಪ್ರೇಕ್ಷಕರ ನಡುವೆ ಪೆಪ್ಪರಮಿಂಟು ಮಾರುವುದು ಅವರ ಜೀವನೋಪಾಯ, ಈಸ್ಟ್ ಬೆಂಗಾಲ್ ಅವರ ಜೀವ. ಅದೇ ಊರಿನ ಖಿದಿರ್‌ಪುರದ ಪನ್ನಾಲಾಲ್ ಚಟರ್ಜಿ ಮತ್ತು ಚೈತಾಲಿ ಚಟರ್ಜಿ ದಂಪತಿ 1982ರ ಸ್ಪೇನಿನಿಂದ 2018ರ ರಷ್ಯಾದವರೆಗೆ ಹತ್ತು ವಿಶ್ವಕಪ್‌ಗಳಿಗೆ ಹೋಗಿಬಂದರು. ಸಿರಿವಂತರಲ್ಲ. ನಾಲ್ಕು ವರ್ಷ ಮನೆಯ ಖರ್ಚು ಬಿಗಿಹಿಡಿದು ಕೂಡಿಟ್ಟ ಹಣದಲ್ಲಿ ಒಂದು ಪ್ರಯಾಣ. ಮನೆಯ ಖರ್ಚು ಬಿಗಿಹಿಡಿಯುವುದು ಎಂದರೆ ಯಾರ ಕೆಲಸ ಎಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಪನ್ನಾಲಾಲರು 2019ರಲ್ಲಿ ತೀರಿಕೊಂಡರು.

ಆದರೆ ಹೆಣ್ಣಿಗೆ ಮೈದಾನದ ಒಳಗೆ ಕಾಲಿಡುವುದೇ ಅಪರಾಧವಾದ ನಾಡೂ ಇತ್ತು. ಇರಾನಿನಲ್ಲಿ 1979ರ ಕ್ರಾಂತಿಯ ನಂತರ ಗಂಡಸರ ಫುಟ್‌ಬಾಲ್ ಪಂದ್ಯಗಳಿಗೆ ಹೆಂಗಸರನ್ನು ಬಿಡುತ್ತಿರಲಿಲ್ಲ. ಸಹರ್ ಖೊದಾಯಾರಿ ಎಂಬ 29 ವರ್ಷದ ಯುವತಿ 2019ರ ಮಾರ್ಚಿನಲ್ಲಿ ತನ್ನ ಮೆಚ್ಚಿನ ಎಸ್ತೆಗ್ಲಾಲ್ ತಂಡದ ಆಟ ನೋಡಲು ಗಂಡಸಿನ ವೇಷದಲ್ಲಿ ಹೋಗಿ ಸಿಕ್ಕಿಬಿದ್ದಳು. ಜೈಲಾಗುವ ಭಯದಲ್ಲಿ ಸೆಪ್ಟೆಂಬರಿನಲ್ಲಿ ನ್ಯಾಯಾಲಯದ ಹೊರಗೆ ಮೈಗೆ ಬೆಂಕಿ ಹಚ್ಚಿಕೊಂಡು, ಕೆಲವೇ ದಿನಗಳಲ್ಲಿ ಸತ್ತಳು. ಆ ತಂಡದ ಬಣ್ಣ ನೀಲಿ, ಅದಕ್ಕೆ ಜಗತ್ತು ಅವಳನ್ನು ನೀಲಿ ಹುಡುಗಿ ಎಂದು ಕರೆಯಿತು. 2019ರ ಅಕ್ಟೋಬರ್ 10ರಂದು ಇರಾನ್ ಮತ್ತು ಕಾಂಬೋಡಿಯಾ ನಡುವಿನ ಪಂದ್ಯಕ್ಕೆ ಸುಮಾರು 3,500 ಹೆಂಗಸರು ಟಿಕೆಟ್ ಕೊಂಡು ಒಳಗೆ ಹೋದರು. ಇರಾನ್ 14-0ಯಿಂದ ಗೆದ್ದಿತು. ಆ ಹುಡುಗಿ ಬದುಕಿದ್ದು ಅಲ್ಲಿ ಕೂತಿರಬೇಕಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಆಟ ನೋಡುವಷ್ಟು ಚಿಕ್ಕ ಆಸೆಗೆ ಇಷ್ಟು ದೊಡ್ಡ ಬೆಲೆ ಕೇಳಿದ ವ್ಯವಸ್ಥೆಗೆ ಏನೆನ್ನೋಣ?

ಟಿಬೆಟ್ ವಸತಿಗಳ ಹೆಣ್ಣುಮಕ್ಕಳದ್ದೂ ಇಲ್ಲಿ ನೆನೆಯಬೇಕಾದ ಕಥೆ. 2011ರಲ್ಲಿ ಅಮೆರಿಕದ ಕ್ಯಾಸಿ ಚಿಲ್ಡರ್ಸ್ ಅವರ ನೆರವಿನಿಂದ ಅವರ ತಂಡವೊಂದು ಕಟ್ಟಿಕೊಂಡಿತು. 2017ರಲ್ಲಿ ಅಮೆರಿಕದ ಡಲ್ಲಾಸ್ ಪಂದ್ಯಾವಳಿಗೆ ಹೊರಟಾಗ ವೀಸಾ ಸಿಗಲಿಲ್ಲ. ಆ ಹುಡುಗಿಯರು ಮನೆಗೆ ಮರಳಿ ಮತ್ತೆ ಚೆಂಡು ಹಿಡಿದರು.

ನಿಷ್ಠೆಯ ಮಾತು ಬಂದಾಗ ಹೆಂಗಸರು ಸ್ವಲ್ಪ ಎಚ್ಚರದಿಂದ ಇರಬೇಕು ಎಂದೂ ನನಗೆ ಅನ್ನಿಸುತ್ತದೆ. ಗಂಡನಿಗೆ, ಮನೆಗೆ, ಮನೆತನಕ್ಕೆ ನಿಷ್ಠೆಯಿಂದಿರು ಎಂದು ನಮ್ಮ ಕಿವಿಯಲ್ಲಿ ಚಿಕ್ಕಂದಿನಿಂದ ಊದಿದವರು, ಆ ನಿಷ್ಠೆ ನಾವಾಗಿ ಕೊಡುವುದೋ ನಮ್ಮಿಂದ ಕಿತ್ತುಕೊಳ್ಳುವುದೋ ಎಂದು ಎಂದೂ ಕೇಳಲಿಲ್ಲ. ಆಟದ ಅಭಿಮಾನದ ಚೆಲುವು ಇರುವುದು ಇಲ್ಲೇ. ಯಾರೂ ಬಲವಂತ ಮಾಡಿಲ್ಲ, ಬಿಟ್ಟರೆ ಯಾರೂ ದಂಡ ಹಾಕುವುದಿಲ್ಲ, ಹಿಡಿದುಕೊಂಡರೆ ಯಾರೂ ಬಹುಮಾನ ಕೊಡುವುದಿಲ್ಲ. ಆದರೂ 54 ವರ್ಷ ಹಿಡಿದುಕೊಂಡವರಿದ್ದಾರೆ. ನಾವಾಗಿ ಕೊಟ್ಟದ್ದಕ್ಕೆ ಮಾತ್ರ ಅಷ್ಟು ಆಯಸ್ಸಿರುತ್ತದೆ.

ನಮ್ಮ ತಾಲ್ಲೂಕಿನ ಕ್ರೀಡಾಕೂಟಕ್ಕೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವಾಗ ನಾನು ಕಂಡ ಒಬ್ಬ ತಾಯಿಯಿದ್ದಾಳೆ. ಮಗಳ ತಂಡ ಸತತವಾಗಿ ಮೂರು ವರ್ಷ ಮೊದಲ ಸುತ್ತಿನಲ್ಲೇ ಸೋತಿತು. ಮೂರು ವರ್ಷವೂ ಅವಳು ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದಳು. ಆಫ್‌ಸೈಡ್ ಎಂದರೇನೆಂದು ಅವಳಿಗೆ ಗೊತ್ತಿಲ್ಲ, ಕೂಗುವುದೂ ಇಲ್ಲ. ಮೈದಾನದ ಅಂಚಿನಲ್ಲಿ ಸೆರಗು ಬಿಗಿದುಕೊಂಡು ಕೊನೆಯ ಸೀಟಿ ಊದುವವರೆಗೂ ನಿಲ್ಲುತ್ತಾಳೆ. ಒಮ್ಮೆ ಕೇಳಿದೆ, "ಸೋಲ್ತಾರೆ ಅಂತ ಗೊತ್ತಿದ್ದೂ ಯಾಕವ್ವಾ ಬರ್ತೀ?"

"ಗೆದ್ರೆ ಎಲ್ಲಾರೂ ಬರ್ತಾರ್ರಿ ಅಕ್ಕೋರೇ," ಅಂದಳು. ಮಗಳ ಕೆಸರಾದ ಅಂಗಿಯನ್ನು ಚೀಲಕ್ಕೆ ತುಂಬಿಕೊಂಡು, ಬಸ್ಸಿನ ಹೊತ್ತಾಯಿತೆಂದು ಬೇಗಬೇಗ ನಡೆದಳು.